‘ಸೆಟ್ ಅಸೈಡ್’ ಅಂದರೆ ಪಕ್ಕಕ್ಕೆ ಇಟ್ಟರು ಅಂತ ಅಲ್ವಾ ಮೇಡಂ?

ಪ್ರಶ್ನೆ: ಮೇಡಂ, ನಾನು ತಿಪಟೂರಿನಲ್ಲಿ ಒಬ್ಬ ವಕೀಲರ ಬಳಿ ಎರಡು ವರ್ಷದಿಂದ ಗುಮಾಸ್ತನಾಗಿದ್ದೇನೆ. ಒಂದನೇ ತರಗತಿಯಿಂದ ಬಿ.ಎ. ತನಕ ಕನ್ನಡ ಮಾಧ್ಯಮದಲ್ಲೇ ಓದಿದವನು. ಹೋದ ತಿಂಗಳು ಒಂದು ಜಮೀನಿನ ಅಪೀಲಿನ ತೀರ್ಪು ಕೈಗೆ ಬಂತು. ಸಾಹೇಬರು ಬೆಂಗಳೂರಿಗೆ ಹೋಗಿದ್ದರು. ಅಪೀಲು ಹಾಕಿದ್ದ ಕಕ್ಷಿದಾರರು, ಎಪ್ಪತ್ತು ದಾಟಿದ ಅಜ್ಜ, ಹಳ್ಳಿಯಿಂದ ಬಂದು ಬೆಂಚಿನ ಮೇಲೆ ಕೂತಿದ್ದರು. ‘ಏನಾಯ್ತಪ್ಪ, ಓದಿ ಹೇಳು’ ಅಂದರು. ಕೊನೆಯ ಸಾಲುಗಳು ಹೀಗಿದ್ದವು: ‘ದಿ ಅಪೀಲ್ ಈಸ್ ಅಲೋಡ್. ದಿ ಜಡ್ಜ್‌ಮೆಂಟ್ ಅಂಡ್ ಡಿಕ್ರಿ ಆಫ್ ದಿ ಟ್ರಯಲ್ ಕೋರ್ಟ್ ಆರ್ ಸೆಟ್ ಅಸೈಡ್. ದಿ ಮ್ಯಾಟರ್ ಈಸ್ ರಿಮ್ಯಾಂಡೆಡ್ ಫಾರ್ ಫ್ರೆಶ್ ಡಿಸ್ಪೋಸಲ್.’ ‘ಅಲೋ’ ಅಂದರೆ ಅನುಮತಿ ಕೊಡು, ‘ಸೆಟ್’ ಅಂದರೆ ಇಡು, ‘ಅಸೈಡ್’ ಅಂದರೆ ಪಕ್ಕಕ್ಕೆ. ಹಾಗಾಗಿ, ‘ಅಪೀಲು ಹಾಕೋದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ ಅಜ್ಜ, ಹಳೇ ತೀರ್ಪನ್ನ ಸದ್ಯಕ್ಕೆ ಪಕ್ಕಕ್ಕೆ ಇಟ್ಟಿದ್ದಾರೆ, ಇನ್ನೂ ಏನೂ ತೀರ್ಮಾನ ಆಗಿಲ್ಲ’ ಅಂದುಬಿಟ್ಟೆ. ಅವರು ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದರು. ಮಾರನೇ ದಿನ ಸಾಹೇಬರು ನೋಡಿ, ‘ಗೆದ್ದಿರೋ ಅಪೀಲನ್ನ ಹೀಗಾ ಹೇಳೋದು’ ಅಂತ ಬೈದರು. ಆಮೇಲೆ ನಿಘಂಟು ತೆಗೆದರೆ ‘ಸೆಟ್’ಗೆ ಪುಟಗಟ್ಟಲೆ ಅರ್ಥ. ಸ್ನೇಹಿತನೊಬ್ಬ, ‘ಆ ಪದಕ್ಕೆ 430 ಅರ್ಥ ಇದೆಯಂತೆ, ನಿನ್ನಿಂದ ಆಗಲ್ಲ ಬಿಡು’ ಅಂದ. ಒಂದೇ ಪದಕ್ಕೆ ಇಷ್ಟೊಂದು ಅರ್ಥ ಯಾಕೆ? ಎಲ್ಲವನ್ನೂ ಬಾಯಿಪಾಠ ಮಾಡಬೇಕಾ? ಕನ್ನಡ ಮಾಧ್ಯಮದವರಿಗೆ ಇದು ಬರುವುದೇ ಇಲ್ಲವಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಂಗ್ಲಿಷಿನ ಪ್ರಶ್ನೆಗಿಂತ ಆ ಅಜ್ಜನ ಮುಖ ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅನ್ನಿಸಿತು. ನಾನು 26 ವರ್ಷ ಸರ್ಕಾರಿ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸಿದ್ದೇನೆ. ಜೊತೆಗೆ ಕೋರ್ಟಿನ ಕಾಗದಪತ್ರಗಳನ್ನು ಕನ್ನಡಕ್ಕೆ ಅನುವಾದ ಮಾಡಿದ್ದೇನೆ. ನೀವು ಎಡವಿದ ಜಾಗದಲ್ಲಿ ಎಡವಿದವರನ್ನು ಬಹಳ ಜನ ನೋಡಿದ್ದೇನೆ. ಅವರಲ್ಲಿ ಇಂಗ್ಲಿಷ್ ಮಾಧ್ಯಮದವರೂ ಇದ್ದರು.

ಮೊದಲು ಕೋರ್ಟಿನ ಮಾತು. ತೀರ್ಪಿನಲ್ಲಿ ‘ಸೆಟ್ ಅಸೈಡ್’ ಅಂತ ಇದ್ದರೆ ಕೆಳಗಿನ ಕೋರ್ಟಿನ ತೀರ್ಪು ರದ್ದಾಯಿತು ಎಂದು ಅರ್ಥ. ಇನ್ನು ಅದಕ್ಕೆ ಬೆಲೆ ಇಲ್ಲ. ನೀವು ಹೇಳಿದ ‘ಸದ್ಯಕ್ಕೆ ಪಕ್ಕಕ್ಕೆ’ ಎನ್ನುವುದಕ್ಕೆ ಕೋರ್ಟಿನಲ್ಲಿ ಬೇರೆ ಪದವೇ ಇದೆ. ಅದು ‘ಸ್ಟೇ’, ನಮ್ಮ ತಡೆಯಾಜ್ಞೆ. ಸ್ಟೇ ಸಿಕ್ಕಾಗ ಆದೇಶ ಬದುಕಿರುತ್ತದೆ, ಆದರೆ ಅದನ್ನು ಜಾರಿ ಮಾಡುವ ಹಾಗಿಲ್ಲ. ‘ಸೆಟ್ ಅಸೈಡ್’ ಆದಾಗ ಆದೇಶವೇ ಇಲ್ಲ. ಕಕ್ಷಿದಾರರ ಪಾಲಿಗೆ ಇವೆರಡರ ನಡುವೆ ಅಜಗಜಾಂತರ. ನಿಮ್ಮ ಕಚೇರಿಯಲ್ಲೇ ಈ ಪದ ದಿನಾ ಓಡಾಡುತ್ತಿರುತ್ತದೆ. ಪ್ರತಿವಾದಿ ಬಾರದೆ ಎಕ್ಸ್‌ಪಾರ್ಟಿ ಡಿಕ್ರಿ ಆದಾಗ ಅದನ್ನು ರದ್ದು ಮಾಡಿ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶ, 13ನೇ ನಿಯಮದ ಕೆಳಗೆ ಅರ್ಜಿ ಹಾಕುತ್ತೀರಲ್ಲ, ಅಲ್ಲಿರುವುದೂ ಇದೇ ‘ಸೆಟ್ ಅಸೈಡ್’. ಅರ್ಜಿಯ ಹೆಸರಾಗಿ ನೀವು ಅದನ್ನು ನೂರು ಸಲ ಟೈಪ್ ಮಾಡಿರಬಹುದು. ತೀರ್ಪಿನೊಳಗೆ ಕಂಡಾಗ ಗುರುತು ಸಿಗಲಿಲ್ಲ, ಅಷ್ಟೇ.

ಆದರೆ ನೀವು ಕೊಟ್ಟ ಅರ್ಥ ಹುಟ್ಟಿಸಿಕೊಂಡದ್ದೇನೂ ಅಲ್ಲ. ಮಗಳ ಮದುವೆಗೆ ಅಂತ ಒಬ್ಬರು ಪ್ರತಿ ತಿಂಗಳು ಸ್ವಲ್ಪ ದುಡ್ಡು ಎತ್ತಿಡುತ್ತಾರೆ. ಅದೂ ಇಂಗ್ಲಿಷಿನಲ್ಲಿ ‘ಸೆಟ್ ಅಸೈಡ್’. ಅಲ್ಲಿ ದುಡ್ಡು ರದ್ದಾಗುವುದಿಲ್ಲ, ಜೋಪಾನವಾಗಿರುತ್ತದೆ. ಅಣ್ಣ ತಮ್ಮಂದಿರು ಜಗಳ ಬದಿಗಿಟ್ಟು ಹಬ್ಬಕ್ಕೆ ಸೇರುತ್ತಾರೆ. ಅದೂ ಅದೇ. ದುಡ್ಡು, ಜಗಳ, ತೀರ್ಪು. ಪಕ್ಕದಲ್ಲಿ ಯಾವುದು ಕೂತಿದೆ ಎನ್ನುವುದರ ಮೇಲೆ ಈ ಎರಡು ಪದಗಳ ಅರ್ಥ ಬದಲಾಗುತ್ತದೆ. ನಿಮ್ಮ ಅರ್ಥ ಸರಿಯಾಗಿಯೇ ಇತ್ತು, ಬೇರೆ ಮನೆಗೆ ಸೇರಿದ್ದು.

ಈಗ ಆ 430ರ ವಿಷಯ. ಅದು ಸುಮ್ನೆ ಹಬ್ಬಿದ ಸುದ್ದಿಯಲ್ಲ, ಅದಕ್ಕೆ ಆಧಾರ ಇದೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ‘ಸೆಟ್’ ಎಂಬ ಕ್ರಿಯಾಪದದ್ದು. ಸುಮಾರು 430 ಅರ್ಥ, 60 ಸಾವಿರ ಪದಗಳ ವಿವರಣೆ. ಒಂದು ಸಣ್ಣ ಕಾದಂಬರಿಯಷ್ಟು! ಆಮೇಲೆ ಪರಿಷ್ಕರಣೆ ಮಾಡುವಾಗ ‘ರನ್’ ಎಂಬ ಪದ ಅದನ್ನೂ ಮೀರಿಸಿತು. ಆ ಒಂದು ಪದದ ಮೇಲೆ ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಒಂಬತ್ತು ತಿಂಗಳು ಕೂತರು. 645 ಅರ್ಥ ಲೆಕ್ಕಕ್ಕೆ ಸಿಕ್ಕವು.

ಸಂಖ್ಯೆ ನಿಜ. ಅದರಿಂದ ನಿಮ್ಮ ಸ್ನೇಹಿತ ತೆಗೆದ ತೀರ್ಮಾನ ತಪ್ಪು. ಆ ನಿಘಂಟಿನ ಕೆಲಸವೇ ಬೇರೆ. ಒಂದು ಪದ ಹುಟ್ಟಿದಾಗಿನಿಂದ ಎಲ್ಲೆಲ್ಲಿ ಹೇಗೆ ಹೇಗೆ ಬಳಕೆಯಾಗಿದೆ ಎಂದು ದಾಖಲು ಮಾಡುವುದು ಅದರ ಉದ್ದೇಶ. ಯಾರೂ ಈಗ ಬಳಸದ, ಸತ್ತುಹೋದ ಅರ್ಥಗಳೂ ಅಲ್ಲಿರುತ್ತವೆ. ಹಡಗಿನವರು, ಬೇಟೆಯವರು, ಅಚ್ಚುಮೊಳೆ ಜೋಡಿಸುವವರು ಬಳಸುತ್ತಿದ್ದ ಅರ್ಥಗಳು ಇರುತ್ತವೆ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಬೇರೆ ಸಂಖ್ಯೆ ಕೊಡುತ್ತಾರೆ. ಲಂಡನ್ನಿನಲ್ಲಿ ಹುಟ್ಟಿ ಬೆಳೆದವರಿಗೂ ಆ 430 ಗೊತ್ತಿರುವುದಿಲ್ಲ. ನಿಮ್ಮ ಕೆಲಸಕ್ಕೆ ಮತ್ತು ಪತ್ರಿಕೆ ಓದುವುದಕ್ಕೆ, ನನ್ನ ಅನುಭವದಲ್ಲಿ, ಇಪ್ಪತ್ತು ಇಪ್ಪತ್ತೈದು ಬಳಕೆ ಗೊತ್ತಿದ್ದರೆ ಧಾರಾಳವಾಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಿಮಗೆ ಕನ್ನಡದಿಂದಲೇ ಗೊತ್ತಿವೆ.

ಹೇಗೆ ಅಂತ ನೋಡಿ. ‘ಸೆಟ್’ ಎಂಬುದು ‘ಸಿಟ್’ ಎಂಬ ಪದದ ಮಗು. ಸಿಟ್ ಅಂದರೆ ಕೂರು. ಸೆಟ್ ಅಂದರೆ ಕೂರಿಸು. ಹಳೆಯ ಇಂಗ್ಲಿಷಿನಲ್ಲಿ ಇವು ಸಿತ್ತನ್, ಸೆತ್ತನ್ ಎಂದಿದ್ದವು. ನಾವು ‘ಇಸು’ ಹಚ್ಚಿ ಮಾಡುವ ಕೆಲಸವನ್ನು ಅವರು ಒಳಗಿನ ಸ್ವರ ಬದಲಿಸಿ ಮಾಡುತ್ತಿದ್ದರು. ನಮ್ಮಲ್ಲಿ ಬೀಳು, ಬೀಳಿಸು. ಅವರಲ್ಲಿ ‘ಫಾಲ್’, ಮರ ಕಡಿದು ಬೀಳಿಸಿದರೆ ‘ಫೆಲ್’. ಕೂರು, ಕೂರಿಸು ಕೂಡ ಅದೇ ಜಾತಿಯ ಜೋಡಿ.

ಈ ಒಂದು ‘ಕೂರಿಸು’ವನ್ನು ಹಿಡಿದುಕೊಂಡು ನಮ್ಮ ಊರಿನ ಬೀದಿಯಲ್ಲಿ ಒಂದು ಸುತ್ತು ಬನ್ನಿ. ಅಕ್ಕಸಾಲಿಗರು ಉಂಗುರಕ್ಕೆ ಹರಳು ಕೂರಿಸುತ್ತಾರೆ. ಇಂಗ್ಲಿಷಿನಲ್ಲಿ ಅದು ಸೆಟ್. ಕೈ ಮುರಿದರೆ ಮೂಳೆ ಕೂರಿಸುತ್ತಾರೆ. ಅದೂ ಸೆಟ್. ಆಂಧ್ರದ ಪುತ್ತೂರಿನ ಕಟ್ಟು ಹಾಕುವವರನ್ನು ಇಂಗ್ಲಿಷ್ ಪತ್ರಿಕೆಗಳು ‘ಬೋನ್ ಸೆಟರ್’ ಎಂದೇ ಬರೆಯುತ್ತವೆ. ಅಜ್ಜಿ ಹೇಟೆಯನ್ನು ಕಾವಿಗೆ ಕೂರಿಸುತ್ತಿದ್ದರಲ್ಲ, ಅದಕ್ಕೂ ಇಂಗ್ಲೆಂಡಿನ ರೈತರು ಸೆಟ್ ಎಂದೇ ಹೇಳುತ್ತಿದ್ದರು. ಇವತ್ತಿನ ಮೊಟ್ಟೆ ಮರಿ ಕೇಂದ್ರಗಳಲ್ಲಿ ಕೋಳಿಮೊಟ್ಟೆ ಮೊದಲ 18 ದಿನ ಇರುವ ಯಂತ್ರಕ್ಕೆ ‘ಸೆಟರ್’ ಎಂದೇ ಹೆಸರು. ಕೊನೆಯ ಮೂರು ದಿನಕ್ಕೆ ಬೇರೆ ಯಂತ್ರಕ್ಕೆ ಹಾಕುತ್ತಾರೆ. ಇಷ್ಟು ದೂರದ ಎರಡು ಭಾಷೆಗಳು ಒಂದೇ ಪದವನ್ನು ಹರಳಿಗೂ ಮೂಳೆಗೂ ಕೋಳಿಗೂ ಬಳಸುತ್ತವೆ ಅಂತ ಮೊದಲ ಸಲ ಹೊಳೆದಾಗ ನನಗೆ ರೋಮಾಂಚನವಾಗಿತ್ತು. ತರಗತಿಯಲ್ಲಿ ಇದನ್ನು ಹೇಳುವಾಗ ಈಗಲೂ ಹಾಗೇ ಆಗುತ್ತದೆ.

ಕೂರಿಸಿದ ವಸ್ತು ಅಲ್ಲಾಡುವುದಿಲ್ಲ. ಅಲ್ಲಿಂದ ‘ಗಟ್ಟಿಯಾಗು’ ಎಂಬ ಅರ್ಥ ಬಂತು. ಸಿಮೆಂಟ್ ಸೆಟ್ ಆಗುತ್ತದೆ, ಜೆಲ್ಲಿ ಸೆಟ್ ಆಗುತ್ತದೆ, ಮೊಸರು ಸೆಟ್ ಆಗುತ್ತದೆ. ದಿನವನ್ನೂ ಹಾಗೇ ಅಲ್ಲಾಡದಂತೆ ಮಾಡಬಹುದು. ಮದುವೆಗೆ ದಿನ ಗೊತ್ತು ಮಾಡುವುದು, ವಿಚಾರಣೆಗೆ ತಾರೀಖು ನಿಗದಿ ಮಾಡುವುದು, ಎರಡೂ ಸೆಟ್. ಸೂರ್ಯ ಸೆಟ್ ಆಗುವುದು ಕೂಡ ಇದೇ ಬಳ್ಳಿಯ ಕಾಯಿ, ಕೆಳಗೆ ಹೋಗಿ ಕೂರುತ್ತಾನೆ. ನಮಗೆ ಅವನು ಮುಳುಗುತ್ತಾನೆ, ಕಂತುತ್ತಾನೆ.

‘ಕೂರಿಸು’ ಸಾಲದ ಕಡೆ ‘ಇಡು’ ಹಾಕಿ ನೋಡಿ. ಅಲಾರಂ ಇಡು, ಬೋನು ಇಡು, ಹೆಜ್ಜೆ ಇಡು, ಬೆಂಕಿ ಇಡು. ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಸೆಟ್ ಬರುತ್ತದೆ. ಬೆಂಕಿಯನ್ನು ಕೈಯಲ್ಲಿ ಹಿಡಿದು ಇಡಲು ಆಗುತ್ತದಾ? ಆಗುವುದಿಲ್ಲ. ಆದರೂ ‘ಗುಡಿಸಲಿಗೆ ಬೆಂಕಿ ಇಟ್ಟರು’ ಅಂದಾಗ ನಾವು ತಡವರಿಸುವುದಿಲ್ಲ. ಆ ತಡವರಿಕೆ ಇಲ್ಲದ ಸ್ಥಿತಿಗೇ ನೀವು ಇಂಗ್ಲಿಷಿನಲ್ಲೂ ತಲುಪಬೇಕಾದದ್ದು.

ಎಲ್ಲ ಕಡೆಯೂ ಹೊಂದುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪ್ರಶ್ನೆಪತ್ರಿಕೆಯನ್ನು ಅವರು ಸೆಟ್ ಮಾಡುತ್ತಾರೆ, ನಾವು ತೆಗೆಯುತ್ತೇವೆ. ಹೆಸರು ಇಡುವುದಕ್ಕೂ ಮೊಟ್ಟೆ ಇಡುವುದಕ್ಕೂ ಇಂಗ್ಲಿಷಿನಲ್ಲಿ ಸೆಟ್ ಬರುವುದಿಲ್ಲ. ಹಾಗಾಗಿ ಕನ್ನಡದ ಆಸರೆ ಓದಿ ಅರ್ಥ ಮಾಡಿಕೊಳ್ಳಲು ಬಹಳ ಒಳ್ಳೆಯದು. ಬರೆಯುವಾಗ ಮಾತ್ರ ಒಮ್ಮೆ ಪರೀಕ್ಷಿಸಿಕೊಳ್ಳಬೇಕು.

ನಿಮ್ಮನ್ನು ನಿಜಕ್ಕೂ ಬೀಳಿಸಿದ್ದು ಸೆಟ್ ಅಲ್ಲ, ಅದರ ಬಾಲ. ಅಸೈಡ್, ಆಫ್, ಔಟ್, ಇನ್, ಬ್ಯಾಕ್, ಅಪ್. ಈ ಪುಟ್ಟ ಪದ ಅಂಟಿಕೊಂಡರೆ ಎರಡೂ ಸೇರಿ ಹೊಸ ಪದವೇ ಆಗಿಬಿಡುತ್ತದೆ. ಬಿಡಿಸಿ ಓದಿದರೆ ಅರ್ಥ ಕೈಗೆ ಸಿಗುವುದಿಲ್ಲ. ಇದು ಇಂಗ್ಲಿಷಿನ ಹುಚ್ಚಾಟ ಅಂತ ಅನೇಕರು ಅಂದುಕೊಂಡಿದ್ದಾರೆ. ನಮ್ಮ ‘ಕೈ’ಯನ್ನು ನೋಡಿ. ಕೈಕೊಟ್ಟ ಅಂದರೆ ಮೋಸ ಮಾಡಿದ. ಕೈಬಿಟ್ಟ ಅಂದರೆ ದೂರ ಮಾಡಿದ. ಕೈಹಿಡಿದ ಅಂದರೆ ಮದುವೆಯಾದ, ಇಲ್ಲವೇ ಕಷ್ಟದಲ್ಲಿ ನೆರವಾದ. ಕೈಗೊಂಡ, ಕೈಮೀರಿತು, ಕೈಹಾಕಿದ. ಕನ್ನಡ ಕಲಿಯಲು ಬಂದ ಒಬ್ಬ ವಿದೇಶಿ ವಿದ್ಯಾರ್ಥಿನಿ ‘ಕೊನೇ ಗಳಿಗೇಲಿ ಅವನು ಕೈಕೊಟ್ಟ’ ಎಂಬ ವಾಕ್ಯಕ್ಕೆ ‘ಕೈ ನೀಡಿ ಸಹಾಯ ಮಾಡಿದ’ ಎಂದು ಅರ್ಥ ಬರೆದಿದ್ದಳು. ಪದ ಪದ ಬಿಡಿಸಿದರೆ ಅವಳದ್ದೇ ಸರಿ. ನೀವು ಅಜ್ಜನಿಗೆ ಹೇಳಿದ್ದೂ ಇದೇ ರೀತಿಯ ತಪ್ಪು. ಅವಳಿಗೆ ಬುದ್ಧಿ ಕಡಿಮೆ ಎಂದು ನೀವು ಹೇಳುತ್ತೀರಾ? ಹಾಗಿದ್ದ ಮೇಲೆ ನಿಮಗೆ ನೀವೂ ಹೇಳಿಕೊಳ್ಳಬೇಡಿ.

ಬಾಲದಿಂದ ಆಗುವ ತಪ್ಪಿನಲ್ಲಿ ‘ಸೆಟ್ ಆಫ್’ ಅತಿ ಅಪಾಯದ್ದು. ಪ್ರಯಾಣ ಹೊರಟರೆ ಸೆಟ್ ಆಫ್. ಪಟಾಕಿ ಹಚ್ಚಿದರೆ ಸೆಟ್ ಆಫ್. ಕೋರ್ಟಿನಲ್ಲಿ ಮಾತ್ರ ಅದು ‘ಲೆಕ್ಕದಲ್ಲಿ ವಜಾ ಹಾಕಿಕೊಳ್ಳುವುದು’. ಆರೋಪಿ ವಿಚಾರಣೆಯ ಕಾಲದಲ್ಲಿ ಜೈಲಿನಲ್ಲಿ ಕಳೆದ ದಿನಗಳನ್ನು ಕೊನೆಗೆ ಆದ ಶಿಕ್ಷೆಯಿಂದ ಕಳೆಯುತ್ತಾರೆ. ಮೊದಲು ಅದು ದಂಡ ಪ್ರಕ್ರಿಯಾ ಸಂಹಿತೆಯ 428ನೇ ಕಲಂನಲ್ಲಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 468ನೇ ಕಲಂ. ನನ್ನ ಹತ್ತಿರ ಅನುವಾದ ಕಲಿಯುತ್ತಿದ್ದ ಹುಡುಗನೊಬ್ಬ ಈ ‘ಸೆಟ್ ಆಫ್’ ಇದ್ದ ಒಂದು ಸಾಲನ್ನು ‘ಆರೋಪಿಯು ಹೊರಡಲು ಹಕ್ಕುಳ್ಳವನು’ ಎಂದು ಬರೆದುಕೊಂಡು ಬಂದಿದ್ದ. ಓದಿದ ಮನೆಯವರು ಜೈಲಿನ ಬಾಗಿಲಿಗೆ ಹೋಗಿ ನಿಂತಿದ್ದರೆ? ಕರಡಿನಲ್ಲೇ ಸಿಕ್ಕಿತು, ಪುಣ್ಯ.

ಉಳಿದ ಬಾಲಗಳು ಇಷ್ಟು ಭಯಂಕರವಲ್ಲ. ‘ಸೆಟ್ ಇನ್’ ಅಂದರೆ ಹಿಡಿದುಕೊಳ್ಳುವುದು. ಮಳೆ ಹಿಡಿಯಿತು, ಚಳಿ ಹಿಡಿಯಿತು ಅನ್ನುತ್ತೇವಲ್ಲ, ಅದೇ. ಜೂನ್ 1ರ ಆಸುಪಾಸಿನಲ್ಲಿ ಕೇರಳಕ್ಕೆ ಮುಂಗಾರು ಬಂದಾಗ ಹವಾಮಾನ ಇಲಾಖೆ ಬಳಸುವ ‘ಆನ್‌ಸೆಟ್’ ಕೂಡ ಇದೇ ಮನೆಯದು. ‘ಸೆಟ್ ಬ್ಯಾಕ್’ ನಿಮಗೆ ಪುರಸಭೆಯ ನಕ್ಷೆಗಳಲ್ಲಿ ಸಿಕ್ಕಿರಬಹುದು, ಮನೆಗೂ ಸೈಟಿನ ಗಡಿಗೂ ನಡುವೆ ಬಿಡಬೇಕಾದ ಖಾಲಿ ಜಾಗ. ಪತ್ರಿಕೆಯಲ್ಲಿ ಅದೇ ಪದ ಹಿನ್ನಡೆ.

ಇಲ್ಲಿ ಒಂದು ಗುಟ್ಟು ಹೇಳಬೇಕು. ನಿಘಂಟಿನಲ್ಲಿ ನೀವು ನೋಡಿದ ‘ಸೆಟ್’ ಒಂದೇ ಪದವಲ್ಲ. ಒಂದೇ ವೇಷ ಹಾಕಿಕೊಂಡ ಎರಡು ಪದ. ‘ಕೂರಿಸು’ ಎನ್ನುವುದು ಇಂಗ್ಲಿಷಿನ ಸ್ವಂತ ಮನೆಯದ್ದು. ‘ಗುಂಪು, ಜೊತೆ’ ಎಂಬ ಅರ್ಥದ ಸೆಟ್ ಹಳೆಯ ಫ್ರೆಂಚ್‌ನಿಂದ ಬಂದದ್ದು, ಅದರ ಬೇರು ‘ಸೆಕ್ಟಾ’ ಎಂಬ ಲ್ಯಾಟಿನ್ ಪದ. ಒಬ್ಬರ ಹಿಂದೆ ನಡೆಯುವ ಗುಂಪು, ಪಂಥ ಅಂತ ಅದರ ಅರ್ಥ. ಹೋಗ್ತಾ ಹೋಗ್ತಾ ಉಚ್ಚಾರ ಒಂದೇ ಆಯಿತು, ಅರ್ಥಗಳೂ ಬೆರೆತವು. ನಮ್ಮ ತೋಟದ ಪಂಪ್‌ಸೆಟ್, ಗಣಿತದ ಸೆಟ್, ಹೋಟೆಲಿನಲ್ಲಿ ಒಂದರ ಮೇಲೊಂದು ಮೆತ್ತಗೆ ಬರುವ ಸೆಟ್ ದೋಸೆ, ಎಲ್ಲ ಈ ಎರಡನೇ ಮನೆಯವು. ಸಿನಿಮಾದವರು ಹಾಕುವ ಸೆಟ್ ಮಾತ್ರ ಮೊದಲನೇ ಮನೆಯದು. ಹೀಗೆ ಬೇರ್ಪಡಿಸಿ ನೋಡಿದರೆ ಗೋಜಲು ಅರ್ಧ ಬಿಡಿಸಿದ ಹಾಗೆ.

ಕನ್ನಡದೊಳಗೆ ಬಂದ ಸೆಟ್ ಮೂರನೇ ದಾರಿ ಹಿಡಿದಿದೆ. ‘ಅವರಿಬ್ಬರಿಗೂ ಸೆಟ್ ಆಗಲ್ಲ’, ‘ಈ ಶರ್ಟು ನಿನಗೆ ಸೆಟ್ ಆಗಲ್ಲ’, ‘ಕೆಲಸ ಸೆಟ್ ಆಯ್ತಾ?’ ಕನ್ನಡದಲ್ಲಿ ಇವು ಚೆಂದ, ನಾನೂ ಹೇಳುತ್ತೇನೆ. ಇವುಗಳನ್ನು ಹಾಗೇ ಇಂಗ್ಲಿಷಿಗೆ ವಾಪಸ್ ಕಳಿಸಿದರೆ ಅಲ್ಲಿನವರಿಗೆ ಅರ್ಥವಾಗುವುದಿಲ್ಲ. ಶರ್ಟಿಗೆ ‘ಸೂಟ್’ ಅಥವಾ ‘ಫಿಟ್’ ಬೇಕು, ಜನರಿಗೆ ‘ಗೆಟ್ ಅಲಾಂಗ್’ ಬೇಕು. ಪರಿಚಯದ ಪದ ಅಂತ ನಂಬಿ ಕೆಡುವುದು ಇಲ್ಲೇ ಜಾಸ್ತಿ. ಹೊಸ ಪದ ಕಂಡರೆ ನಿಘಂಟು ತೆಗೆಯುತ್ತೇವೆ. ಸೆಟ್ ಕಂಡರೆ ಯಾರು ತೆಗೆಯುತ್ತಾರೆ?

ಒಂದೇ ಪದಕ್ಕೆ ಇಷ್ಟು ಅರ್ಥ ಯಾಕೆ ಅಂತ ಕೇಳಿದ್ದೀರಿ. ಜಾಸ್ತಿ ಓಡಾಡುವ ಪದ ಜಾಸ್ತಿ ಅರ್ಥ ಹೊತ್ತುಕೊಳ್ಳುತ್ತದೆ. ಜಾರ್ಜ್ ಜಿಫ್ ಎಂಬ ಅಮೆರಿಕದ ವಿದ್ವಾಂಸರು 1945ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಬಳಕೆ ಹೆಚ್ಚಿದ ಹಾಗೆ ಅರ್ಥಗಳ ಸಂಖ್ಯೆಯೂ ಹೆಚ್ಚುತ್ತದೆ. ಅಡುಗೆಮನೆಯ ಒಂದು ಹಳೇ ಪಾತ್ರೆ ಸಾರಿಗೂ ಆಗುತ್ತದೆ, ಹಾಲಿಗೂ ಆಗುತ್ತದೆ. ಅಟ್ಟದ ಮೇಲಿನ ಬೆಳ್ಳಿ ಪಾತ್ರೆ ಪೂಜೆಗೆ ಮಾತ್ರ.

ಇಂಗ್ಲಿಷಿನಲ್ಲಿ ಇದಕ್ಕೆ ಚರಿತ್ರೆಯ ಕಾರಣವೂ ಇದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ಬಹಳ ಕಾಲ ದೊರೆಯ ಮನೆ ಮತ್ತು ಕೋರ್ಟಿನ ಮಾತು ಫ್ರೆಂಚ್. ಜಡ್ಜ್, ಕೋರ್ಟ್, ಅಪೀಲ್, ಡಿಕ್ರಿ, ಎಲ್ಲ ಆ ಕಡೆಯಿಂದ ಬಂದವು. ಕಕ್ಷಿದಾರರಿಗೆ ಫ್ರೆಂಚ್ ತಿಳಿಯದೆ ತಮ್ಮ ಕೇಸಿನಲ್ಲಿ ಏನಾಗುತ್ತಿದೆ ಎಂದೇ ಗೊತ್ತಾಗುವುದಿಲ್ಲ ಎಂದು 1362ರಲ್ಲಿ ಕಾನೂನು ಮಾಡಿ, ವಾದ ಇಂಗ್ಲಿಷಿನಲ್ಲಿ ನಡೆಯಲಿ ಎಂದರು. ಬರಹ ಮಾತ್ರ ಲ್ಯಾಟಿನ್‌ನಲ್ಲಿ ಉಳಿಯಿತು. ನಿಮ್ಮ ಬೆಂಚಿನ ಮೇಲೆ ಕೂತಿದ್ದ ಅಜ್ಜನ ಕಷ್ಟ ಆರೂವರೆ ಶತಮಾನದ ಹಿಂದೆ ಇಂಗ್ಲೆಂಡಿನ ರೈತನಿಗೂ ಇತ್ತು. ಉದ್ದದ, ಒಂದೇ ಅರ್ಥದ ಪದಗಳು ದರ್ಬಾರಿನಿಂದ ಬಂದವು. ಕೂರು, ಇಡು, ಓಡು, ಹಾಕು ಎಂಬಂಥ ಪದಗಳು ಹೊಲ ಮನೆಯಲ್ಲೇ ಉಳಿದು ನೂರು ಕೆಲಸ ಮಾಡಿದವು. ನಮ್ಮಲ್ಲೂ ಹಾಗೇ ಅಲ್ವಾ? ಆಹ್ವಾನ ಪತ್ರಿಕೆಯಲ್ಲಿ ಗಣಪತಿಯ ಪ್ರತಿಷ್ಠಾಪನೆ. ಬೀದಿಯಲ್ಲಿ ಗಣಪತಿ ಕೂರಿಸುವುದು.

ಕನ್ನಡ ಮಾಧ್ಯಮದ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಿಮಗೆ ಕಡಿಮೆ ಇರುವುದು ಇಂಗ್ಲಿಷಿನ ಜೊತೆಗಿನ ಒಡನಾಟ. ಅದು ಓದಿನಿಂದ ತುಂಬುತ್ತದೆ. ಅರ್ಥ ಹೇಗೆ ಕೊಂಬೆ ಒಡೆಯುತ್ತದೆ ಎಂಬ ತಿಳಿವಳಿಕೆ ಭದ್ರವಾದ ತಾಯ್ನುಡಿಯಿಂದ ಬರುತ್ತದೆ, ಅದು ನಿಮಗೆ ಇದೆ. ‘ಹರಳು ಕೂರಿಸು’ ಎಂಬ ಮಾತನ್ನೇ ಕೇಳದ ಮಕ್ಕಳಿಗೆ ನಾನು ಸೆಟ್ ಕಲಿಸಿದ್ದೇನೆ. ಅವರಿಗೆ ಇಂಗ್ಲಿಷ್ ಸರಾಗವಾಗಿ ಬರುತ್ತಿತ್ತು, ಈ ಬೀದಿ ಮಾತ್ರ ಕಾಣುತ್ತಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ಅಂಗಡಿಯಲ್ಲಿ ಸಿಗುವ ಪಟ್ಟಿ ಪುಸ್ತಕ ತಂದು ಬಾಯಿಪಾಠ ಮಾಡುವುದು ಒಂದು ದಾರಿ. ಪರೀಕ್ಷೆಗೆ ಅದು ಸಾಕಾಗಬಹುದು. ಕೆಲಸಕ್ಕೆ ಸಾಲದು. ಸೆಟ್ ಆಫ್, ಸೆಟ್ ಔಟ್, ಸೆಟ್ ಅಪ್ ಎಂದು ಒಂದರ ಕೆಳಗೊಂದು ಓದಿದರೆ ಹದಿನೈದು ದಿನಕ್ಕೆ ಎಲ್ಲವೂ ಕಲಸಿಹೋಗುತ್ತವೆ. ಒಂದೇ ತರಹದ ಬೀಗದ ಕೈಗಳನ್ನು ಒಂದೇ ಗೊಂಚಲಿಗೆ ಹಾಕಿದಂತೆ.

ಫೋನಿನ ಅನುವಾದ ಈಗ ಎಲ್ಲರ ಕೈಯಲ್ಲೂ ಇದೆ. ಬೇಡ ಅನ್ನುವುದಿಲ್ಲ, ನಾನೂ ನೋಡುತ್ತೇನೆ. ಆದರೆ ಅದಕ್ಕೆ ಪೂರ್ತಿ ಪ್ಯಾರಾ ಕೊಡಿ. ಎರಡೇ ಪದ ಕೊಟ್ಟರೆ ನೀವು ಮಾಡಿದ ತಪ್ಪನ್ನೇ ಅದೂ ಮಾಡಬಹುದು, ಅದೂ ಬಹಳ ಧೈರ್ಯದಿಂದ. ತಪ್ಪಾಗಿದೆ ಎಂಬ ಗುಮಾನಿ ಕೂಡ ಓದುವವರಿಗೆ ಬರುವುದಿಲ್ಲ. ತೀರ್ಪಿನ ಕೊನೆಯ ಭಾಗವನ್ನು ಫೋನಿನ ಮಾತಿನ ಮೇಲೆ ಕಕ್ಷಿದಾರರಿಗೆ ಹೇಳಲೇಬೇಡಿ. ಕೇಸಿನ ವಿಷಯಗಳು ಗುಟ್ಟಿನವು, ಅವನ್ನು ಯಾವುದೋ ಆ್ಯಪಿಗೆ ಹಾಕುವ ಮುಂಚೆ ಸಾಹೇಬರನ್ನು ಕೇಳಿ.

ಇನ್ನೊಂದು ದಾರಿ ನಾನು ವಿದ್ಯಾರ್ಥಿಗಳಿಂದ ಮಾಡಿಸುತ್ತಿದ್ದದ್ದು. ನಿಧಾನದ್ದು, ಆದರೆ ಉಳಿಯುತ್ತದೆ. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಬಿಡಿ ಪದ ಬರೆಯಬೇಡಿ. ನಿಮ್ಮ ಕಚೇರಿಯಲ್ಲಿ ಹಾದುಹೋದ ಪೂರ್ತಿ ವಾಕ್ಯವನ್ನು, ಹೆಸರುಗಳನ್ನು ಬಿಟ್ಟು, ಬರೆದುಕೊಳ್ಳಿ. ಕೆಳಗೆ ಅದರ ಅರ್ಥವನ್ನು ನೀವು ಅಜ್ಜನಿಗೆ ಹೇಳುವ ಕನ್ನಡದಲ್ಲಿ ಬರೆಯಿರಿ. ‘ಹಳೇ ತೀರ್ಪು ರದ್ದಾಯ್ತು ಅಜ್ಜ’ ಅಂತ. ವಾರಕ್ಕೆ ನಾಲ್ಕು ವಾಕ್ಯ ಸಾಕು. ಶನಿವಾರ ಸಾಹೇಬರಿಗೆ ಬಿಡುವಿದ್ದಾಗ ತೋರಿಸಿ. ಅವರು ಬೈದವರು ಎಂದು ಹಿಂಜರಿಯಬೇಡಿ. ತಪ್ಪು ಹೇಳುವ ಗುಮಾಸ್ತನಿಗಿಂತ ಬಂದು ಕೇಳುವ ಗುಮಾಸ್ತ ಯಾವ ವಕೀಲರಿಗೂ ಬೇಕು. ನಿಘಂಟನ್ನು ಬಳಸುವಾಗ, ಇಂಗ್ಲಿಷ್ ಕಲಿಯುವವರಿಗೆ ಅಂತಲೇ ಮಾಡಿದ ನಿಘಂಟು ತೆಗೆದುಕೊಳ್ಳಿ. ಅದರಲ್ಲಿ ಪ್ರತಿ ಅರ್ಥಕ್ಕೂ ಉದಾಹರಣೆ ವಾಕ್ಯ ಇರುತ್ತದೆ, ಬಾಲ ಇರುವ ಪದಗಳು ಬೇರೆಯಾಗಿ ಕೊನೆಯಲ್ಲಿರುತ್ತವೆ. ಮೊದಲ ಅರ್ಥಕ್ಕೆ ನಿಲ್ಲಬೇಡಿ. ನಿಮ್ಮ ವಾಕ್ಯದ ತರಹದ ವಾಕ್ಯ ಸಿಗುವ ತನಕ ಕೆಳಗೆ ಇಳಿಯಿರಿ.

ಕೆಲವರು ಸಣ್ಣ ಪದಗಳ ತಂಟೆಯೇ ಬೇಡ ಎಂದು ಎಲ್ಲ ಕಡೆ ಎಸ್ಟಾಬ್ಲಿಷ್, ಇನ್‌ಸ್ಟಾಲ್ ಎಂದು ಉದ್ದುದ್ದ ಬರೆಯುತ್ತಾರೆ. ಬರೆಯುವವರು ನೀವಾದರೆ ಅದು ನಡೆಯಬಹುದು. ಓದುವಾಗ ನಡೆಯುವುದಿಲ್ಲ, ತೀರ್ಪು ಬರೆಯುವವರು ನಿಮ್ಮನ್ನು ಕೇಳಿ ಬರೆಯುವುದಿಲ್ಲ.

ಕೊನೆಯದಾಗಿ ಆ ಮೂರು ಸಾಲನ್ನು ಮತ್ತೆ ಓದೋಣ. ನಿಮ್ಮ ಸಾಹೇಬರು ಹೇಳಿದ್ದು ನಿಜ, ಆದರೆ ಪೂರ್ತಿ ಕಥೆ ಅದಲ್ಲ, ಅಜ್ಜನಿಗೆ ಅದು ತಿಳಿಯಬೇಕು. ‘ಅಪೀಲ್ ಈಸ್ ಅಲೋಡ್’ ಅಂದರೆ ಅಪೀಲು ಪುರಸ್ಕಾರವಾಯಿತು, ಅಜ್ಜನ ಮಾತು ನಿಂತಿತು. ಪಕ್ಕದ ಈ ಸಾಲಿನ ಅರ್ಥ ಹಿಡಿದಿದ್ದರೆ ‘ಸೆಟ್ ಅಸೈಡ್’ ತಾನಾಗಿ ಬಿಡಿಸಿಕೊಳ್ಳುತ್ತಿತ್ತು. ‘ರಿಮ್ಯಾಂಡೆಡ್’ ಅಂದರೆ ಕೇಸನ್ನು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿದ್ದಾರೆ. ಕ್ರಿಮಿನಲ್ ಕೇಸಿನಲ್ಲಿ ಇದೇ ಪದ ಆರೋಪಿಯನ್ನು ಬಂಧನದಲ್ಲಿ ಇಡುವುದಕ್ಕೆ ಬರುತ್ತದೆ, ಇಲ್ಲಿ ಅದಲ್ಲ. ‘ಡಿಸ್ಪೋಸಲ್’ ಕಸದ ವಿಲೇವಾರಿ ಅಲ್ಲ, ಕೇಸಿನ ಇತ್ಯರ್ಥ. ‘ಫ್ರೆಶ್’ ಅಂದರೆ ಹೊಸದಾಗಿ. ಅಂದರೆ ಅಜ್ಜನ ವಿರುದ್ಧ ಇದ್ದ ತೀರ್ಪು ಹೋಯಿತು. ಜಮೀನು ಅವರದ್ದೇ ಅಂತ ಇನ್ನೂ ಆಗಿಲ್ಲ. ಕೆಳಗಿನ 
ಕೋರ್ಟು ಮತ್ತೆ ಕೇಳಿ ತೀರ್ಮಾನ ಮಾಡುತ್ತದೆ. ಇಷ್ಟೂ ಭಾಷೆಯ ಮಾತು, ಕಾನೂನಿನ ಮುಂದಿನ ಹೆಜ್ಜೆಯನ್ನು ಸಾಹೇಬರೇ ಹೇಳಬೇಕು.

ಇನ್ನೊಂದು ಕೆಲಸ ಇವತ್ತೇ ಮಾಡಿ. ಹೀಗೆ ವಾಪಸ್ ಕಳಿಸುವಾಗ ಎರಡೂ ಕಡೆಯವರು ಕೆಳಗಿನ ಕೋರ್ಟಿಗೆ ಯಾವ ದಿನ ಹಾಜರಾಗಬೇಕು ಎಂದು ಸಾಮಾನ್ಯವಾಗಿ ಆ ತೀರ್ಪಿನಲ್ಲೇ ಬರೆದಿರುತ್ತಾರೆ. ನೀವು ಕಳಿಸಿದ ಸಾಲುಗಳ ಕೆಳಗೇ ಇರಬಹುದು. ಆ ತಾರೀಖು ಹುಡುಕಿ, ಸಾಹೇಬರಿಗೆ ತೋರಿಸಿ, ಅಜ್ಜನಿಗೆ ಫೋನ್ ಮಾಡಿ. ‘ಹೋದ ಸಲ ನಾನು ತಪ್ಪು ಹೇಳಿದ್ದೆ ಅಜ್ಜ’ ಅಂತ ಶುರು ಮಾಡಿ, ತಾರೀಖನ್ನು ಎರಡು ಸಲ ಹೇಳಿ, ಅವರ ಬಾಯಲ್ಲಿ ಒಂದು ಸಲ ಹೇಳಿಸಿ.